ಆಪರೇಷನ್ ಆದ ಬೆಕ್ಕಿಗೆ ಮನೆಯಲ್ಲಿ ಬಾಣಂತನ

ಹೆಣ್ಣು ಬೆಕ್ಕಿಗೆ ಮರಿಯಾಗದ ಹಾಗೆ ಮಾಡಿಸುವ ಆಪರೇಷನ್ ಇರಲಿ, ಗರ್ಭಕೋಶದಲ್ಲಿ ಕೀವು ತುಂಬಿ ತುರ್ತಾಗಿ ಅದನ್ನು ತೆಗೆಸಿದ್ದಿರಲಿ, ನುಂಗಿದ ದಾರ ಕರುಳಿಗೆ ಸಿಕ್ಕಿಕೊಂಡು ಹೊಟ್ಟೆ ಕೊಯ್ಯಿಸಬೇಕಾಗಿ ಬಂದದ್ದಿರಲಿ, ಡಾಕ್ಟರ ಪಾಲಿನ ಕೆಲಸ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಉಳಿದ ಎರಡು ವಾರ ಮನೆಯವರದು. ಬೆಕ್ಕನ್ನು ರಾತ್ರಿ ಉಳಿಸಿಕೊಂಡು ನೋಡಿಕೊಳ್ಳುವ ಆಸ್ಪತ್ರೆಗಳು ನಮ್ಮಲ್ಲಿ ದೊಡ್ಡ ಊರುಗಳಲ್ಲೇ ಅಷ್ಟಕ್ಕಷ್ಟೆ. ಸಣ್ಣ ಊರಿನಲ್ಲಂತೂ ಬೆಳಿಗ್ಗೆ ಬುಟ್ಟಿಯಲ್ಲಿ ಹೋದದ್ದು ಸಂಜೆಗೆ ಅದೇ ಬುಟ್ಟಿಯಲ್ಲಿ ವಾಪಸು.

ಮೊದಲ ರಾತ್ರಿ ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ. ಎಡವುವುದು ನಾಲ್ಕನೆಯ ದಿನವೋ ಐದನೆಯ ದಿನವೋ. ಬೆಕ್ಕು ಚೆನ್ನಾಗಿ ತಿನ್ನುತ್ತದೆ, ಬಾಲ ಎತ್ತಿಕೊಂಡು ಓಡಾಡುತ್ತದೆ, ಬಾಗಿಲ ಹತ್ತಿರ ಕೂತು ಹೊರಗೆ ಬಿಡಿ ಎಂದು ಅರಚುತ್ತದೆ. ‘ಪಾಪ, ಹುಷಾರಾಯ್ತಲ್ಲ’ ಎಂದು ಯಾರೋ ಗಾಯ ನೆಕ್ಕದಂತೆ ಕೊರಳಿಗೆ ಕಟ್ಟಿದ ಕಾಲರ್ ಬಿಚ್ಚುತ್ತಾರೆ. ಅಷ್ಟರಲ್ಲಿ ಮೇಲಿನ ಚರ್ಮ ಕೂಡಿಕೊಳ್ಳಲು ಶುರುವಾಗಿರುತ್ತದೆಯೇ ಹೊರತು, ಅದರ ಕೆಳಗಿನ ಹೊಟ್ಟೆಯ ಸ್ನಾಯುಪದರ ಇನ್ನೂ ದಾರದ ಬಲದ ಮೇಲೆಯೇ ನಿಂತಿರುತ್ತದೆ. ಮೊದಲ ಬಾರಿಗೆ ಈ ಕೆಲಸಕ್ಕೆ ಇಳಿದವರು ಆ ದಿನಗಳನ್ನು ದಾಟುವುದು ಹೇಗೆ ಎನ್ನುವುದೇ ಇಲ್ಲಿನ ಮುಖ್ಯ ವಿಷಯ.

ಹಂತ 1: ಆಸ್ಪತ್ರೆ ಬಿಡುವ ಮುಂಚೆ ಕೇಳಿಕೊಳ್ಳಿ

ಬಿಲ್ಲು ಕೊಟ್ಟು ಬುಟ್ಟಿ ಎತ್ತಿಕೊಳ್ಳುವ ಆತುರದಲ್ಲಿ ಕೇಳಬೇಕಾದದ್ದೆಲ್ಲ ಮರೆತುಹೋಗುತ್ತದೆ. ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಗಾಯ ಎಲ್ಲಿದೆ? ನಮ್ಮ ಕಡೆ ಹೆಣ್ಣು ಬೆಕ್ಕಿಗೆ ಪಕ್ಕೆಯಲ್ಲಿ ಕೊಯ್ಯುವ ಡಾಕ್ಟರರೂ ಇದ್ದಾರೆ, ಹೊಟ್ಟೆಯ ನಡುವೆ ಕೊಯ್ಯುವವರೂ ಇದ್ದಾರೆ. ಹೊಲಿಗೆ ತಾನಾಗಿ ಕರಗುವುದೋ, ಬಿಚ್ಚಿಸಲು ಬರಬೇಕೋ? ನೋವಿನ ಇಂಜೆಕ್ಷನ್ ಕೊಟ್ಟಿದ್ದೀರಾ, ಅದರ ಪರಿಣಾಮ ಎಷ್ಟು ಹೊತ್ತು ಇರುತ್ತದೆ, ಮನೆಯಲ್ಲಿ ಮುಂದಿನ ಔಷಧಿ ಎಷ್ಟು ಗಂಟೆಗೆ? ಊಟ ಯಾವಾಗ ಶುರು ಮಾಡಬಹುದು? ರಾತ್ರಿ ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು?

ಇಷ್ಟು ಕೇಳಿದ ಮೇಲೆ ಡಾಕ್ಟರ ಎದುರೇ ಗಾಯವನ್ನು ಒಮ್ಮೆ ನೋಡಿ, ಮೊಬೈಲಿನಲ್ಲಿ ಹತ್ತಿರದಿಂದ ಒಂದು ಫೋಟೊ ತೆಗೆದುಕೊಳ್ಳಿ. ನಾಲ್ಕು ದಿನ ಕಳೆದ ಮೇಲೆ ‘ಈ ಕೆಂಪು ಮೊದಲೇ ಇತ್ತಾ, ಈಗ ಬಂದದ್ದಾ’ ಎಂಬ ಅನುಮಾನ ಬಂದೇ ಬರುತ್ತದೆ. ನೆನಪು ಆಗ ಕೈಕೊಡುತ್ತದೆ, ಫೋಟೊ ಕೊಡುವುದಿಲ್ಲ. ಹಾಗೆಯೇ ತುಟಿ ಎತ್ತಿ ಒಸಡಿನ ಬಣ್ಣ ತೋರಿಸಿ ಎಂದು ಕೇಳಿ. ತೆಳು ಗುಲಾಬಿ ಇದ್ದರೆ ಸರಿ. ಅದು ಹೇಗೆ ಕಾಣುತ್ತದೆ ಎಂದು ಈಗಲೇ ಗೊತ್ತಿದ್ದರೆ, ಬಿಳಿಚಿಕೊಂಡಾಗ ಗುರುತು ಹಿಡಿಯಬಹುದು.

ಹಂತ 2: ಎತ್ತರವಿಲ್ಲದ ಕೋಣೆ

ಬೆಕ್ಕನ್ನು ತರುವ ಮೊದಲೇ ಒಂದು ಸಣ್ಣ ಕೋಣೆ ಖಾಲಿ ಮಾಡಿ. ಹತ್ತಲು ಏನೂ ಇರಬಾರದು, ನುಸುಳಲೂ ಏನೂ ಇರಬಾರದು. ಬೀರು, ಮೇಜು, ಕಿಟಕಿಯ ಕಟ್ಟೆ, ಹಂಚಿನ ಮನೆಯಾದರೆ ಅಟ್ಟಕ್ಕೆ ಹತ್ತುವ ಏಣಿ, ಇವೆಲ್ಲ ಮೊದಲ ವಾರದ ಶತ್ರುಗಳು. ಮಂಚದ ಅಡಿಗೆ ಹೋಗಿ ಗೋಡೆಯ ಮೂಲೆಯಲ್ಲಿ ಕೂತ ಬೆಕ್ಕನ್ನು ಎಳೆದು ತೆಗೆಯುವುದು ಹೊಲಿಗೆಗೆ ಒಳ್ಳೆಯದಲ್ಲ, ನಿಮ್ಮ ಕೈಗೂ ಒಳ್ಳೆಯದಲ್ಲ. ಬೇರೆ ಕೋಣೆ ಇಲ್ಲದಿದ್ದರೆ ನಾಯಿಗೆ ಇಡುವಂಥ ತಂತಿಯ ಪಂಜರವನ್ನು ಯಾರಿಂದಲಾದರೂ ಎರವಲು ತನ್ನಿ. ಒಂದು ಕಡೆ ಹಾಸಿಗೆ, ಇನ್ನೊಂದು ಕಡೆ ಮಣ್ಣಿನ ಟ್ರೇ ಹಿಡಿಸುವಷ್ಟು ದೊಡ್ಡದಿರಲಿ.

ನೆಲಕ್ಕೆ ಗೋಣಿ, ಅದರ ಮೇಲೆ ಮಡಿಸಿದ ಹಳೆಯ ಕಾಟನ್ ಸೀರೆ. ಎಳೆ ಬಿಟ್ಟ ಕಂಬಳಿ ಬೇಡ, ಹೊಲಿಗೆಯ ಗಂಟಿಗೆ ದಾರ ಸಿಕ್ಕಿಕೊಳ್ಳುತ್ತದೆ. ಟ್ರೇಗೆ ಎಂದಿನ ಮರಳು, ಮರದ ಹೊಟ್ಟು ಹಾಕುವುದನ್ನು ಹೊಲಿಗೆ ಬಿಚ್ಚುವವರೆಗೆ ನಿಲ್ಲಿಸಿ, ಹರಿದ ನ್ಯೂಸ್ ಪೇಪರ್ ಚೂರು ಹಾಕಿ. ಧೂಳು ಗಾಯಕ್ಕೆ ಹತ್ತುವುದಿಲ್ಲ, ಉಚ್ಚೆಯ ಬಣ್ಣವೂ ಕಾಣುತ್ತದೆ. ಟ್ರೇಯ ಅಂಚು ತಗ್ಗಾಗಿರಲಿ.

ಆಪರೇಷನ್ ಆದ ಪ್ರಾಣಿ ಬರುತ್ತದೆಂದು ನೆಲವನ್ನು ಫಿನಾಯಿಲ್ ಹಾಕಿ ಒರೆಸುವುದು ನಮ್ಮ ಮನೆಗಳ ರೂಢಿ. ದಯವಿಟ್ಟು ಬೇಡ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಅರಗಿಸಿಕೊಳ್ಳಲಾರದು. ಅದು ನೆಲದ ಮೇಲೆ ನಡೆದು ಪಾದ ನೆಕ್ಕುವ ಪ್ರಾಣಿ. ಬಿಸಿನೀರು, ಸ್ವಲ್ಪ ಸೋಪು, ಆಮೇಲೆ ಬರೀ ನೀರಿನಲ್ಲಿ ಒರೆಸಿದರೆ ಸಾಕು.

ಹಂತ 3: ಮಂಪರು ಇಳಿಯುವ ಮೊದಲ ರಾತ್ರಿ

ಮನೆಗೆ ಬಂದ ಬೆಕ್ಕು ನಿಮ್ಮ ಬೆಕ್ಕಿನ ಹಾಗೆ ಇರುವುದಿಲ್ಲ. ಕಣ್ಣು ಬಿಟ್ಟುಕೊಂಡೇ ಮಲಗಿರುತ್ತದೆ, ಕಣ್ಣಿನ ಪಾಪೆ ದೊಡ್ಡದಾಗಿರುತ್ತದೆ, ತಲೆ ತೂಗಾಡುತ್ತದೆ, ಎದ್ದರೆ ಹಿಂಗಾಲು ಸೋಲುತ್ತದೆ. ಮುಟ್ಟಲು ಹೋದರೆ ಬುಸುಗುಡಲೂಬಹುದು. ಸಿಟ್ಟಲ್ಲ, ಗಲಿಬಿಲಿ. ದೀಪ ಸಣ್ಣದು ಮಾಡಿ, ನೆಲದ ಮೇಲೆಯೇ ಬಿಡಿ. ತೊಡೆ, ಮಂಚ, ಸೋಫಾ ಯಾವುದೂ ಬೇಡ; ಬಿದ್ದರೆ ಹಾರಿ ಕಾಲೂರುವ ಶಕ್ತಿ ಆ ರಾತ್ರಿ ಅದಕ್ಕಿರುವುದಿಲ್ಲ.

ಅರಿವಳಿಕೆಯಲ್ಲಿ ಮೈಶಾಖ ಇಳಿಯುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ಬೆಚ್ಚಗಿನ ನೀರು ತುಂಬಿ, ಟವೆಲಿನಲ್ಲಿ ಎರಡು ಸುತ್ತು ಸುತ್ತಿ, ಬೆನ್ನಿನ ಪಕ್ಕ ಇಡಿ. ಹೊಟ್ಟೆಯ ಕಡೆಗಲ್ಲ. ಬೇಡವೆನಿಸಿದರೆ ಸರಿದುಕೊಳ್ಳಲು ಜಾಗವಿರಲಿ. ಕರೆಂಟಿನ ಹೀಟಿಂಗ್ ಪ್ಯಾಡ್ ಈ ಕೆಲಸಕ್ಕೆ ಬೇಡವೇ ಬೇಡ, ಮಂಪರಿನಲ್ಲಿರುವ ಬೆಕ್ಕಿಗೆ ಸುಡುವುದೇ ಗೊತ್ತಾಗುವುದಿಲ್ಲ.

ತಲೆ ನೇರ ಹಿಡಿದು ಕೂರುವವರೆಗೆ ನೀರೂ ಬೇಡ. ಆಮೇಲೆ ಅಗಲ ಬಟ್ಟಲಲ್ಲಿ ಸ್ವಲ್ಪ ನೀರು. ತಡವರಿಸದೆ ನಡೆದಾಡುತ್ತಿದೆ ಎಂದರೆ ಎಂದಿನ ಊಟದ ಕಾಲು ಪಾಲು. ‘ಬೆಳಿಗ್ಗೆಯಿಂದ ಉಪವಾಸ, ಪಾಪ’ ಎಂದು ಬಟ್ಟಲು ತುಂಬ ಹಾಲು ಇಟ್ಟರೆ ವಾಂತಿಯೋ ಭೇದಿಯೋ ಖಾತರಿ. ಹೆಚ್ಚಿನ ದೊಡ್ಡ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದಿಲ್ಲ. ಒಂದು ಸಲ ವಾಂತಿಯಾದರೆ ಗಾಬರಿ ಬೇಡ, ಮತ್ತೆ ಮತ್ತೆ ಆದರೆ ಫೋನ್ ಮಾಡಿ.

ರಾತ್ರಿ ಎದ್ದು ನೋಡಬೇಕಾದ್ದು ಎರಡು: ಒಸಡು ಗುಲಾಬಿಯಾಗಿದೆಯೇ, ಉಸಿರು ಹೇಗಿದೆ. ನಿದ್ದೆಯಲ್ಲಿರುವಾಗ ಪಕ್ಕೆ ಏರಿಳಿಯುವುದನ್ನು ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿ. ಮೂವತ್ತರೊಳಗೆ ಇದ್ದರೆ ನೀವೂ ಮಲಗಬಹುದು. ನಲವತ್ತು ದಾಟಿ ಹಾಗೇ ಮುಂದುವರಿದರೆ, ಅಥವಾ ಬಾಯಿ ತೆರೆದು ಉಸಿರಾಡಿದರೆ, ಬೆಳಗಾಗುವವರೆಗೆ ಕಾಯಬೇಡಿ.

ಹಂತ 4: ನೆಕ್ಕಲು ಬಿಡಬೇಡಿ

ಎರಡು ವಾರದ ಅರ್ಧ ಕೆಲಸ ಇದೇ. ಬೆಕ್ಕಿನ ನಾಲಿಗೆ ನಿಮ್ಮ ಕೈ ನೆಕ್ಕಿದಾಗ ಗೊತ್ತಾಗಿರಬೇಕು, ಅದರ ಮೇಲೆ ಹಿಂದಕ್ಕೆ ಬಾಗಿದ ಗಟ್ಟಿ ಮುಳ್ಳುಗಳಿವೆ. ನೀವು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಹೊಲಿಗೆ ಬಿಚ್ಚಿಡುವ ಶಕ್ತಿ ಅದಕ್ಕಿದೆ. ನೆಕ್ಕಿದರೆ ಗಾಯ ಬೇಗ ಒಣಗುತ್ತದೆ ಎಂಬ ಮಾತನ್ನು ಹಿರಿಯರು ಹೇಳಿಯೇ ಹೇಳುತ್ತಾರೆ. ನಕ್ಕು ಸುಮ್ಮನಾಗಿ, ಕಾಲರ್ ಬಿಚ್ಚಬೇಡಿ.

ಕೋನ್ ಕಾಲರಿನ ಅಳತೆ ಹೀಗೆ: ಕೊರಳಿಗೆ ಕಟ್ಟಿದಾಗ ಒಳಗೆ ನಿಮ್ಮ ಎರಡು ಬೆರಳು ತೂರಬೇಕು, ಮುಂದಿನ ಅಂಚು ಮೂಗಿನ ತುದಿಗಿಂತ ಸ್ವಲ್ಪ ಮುಂದಿರಬೇಕು. ಇದಕ್ಕಿಂತ ಗಿಡ್ಡವಾದರೆ ಬೆಕ್ಕು ಮೈ ಬಳುಕಿಸಿ ಹೊಲಿಗೆ ಮುಟ್ಟಿಯೇ ಮುಟ್ಟುತ್ತದೆ. ಕಟ್ಟಿದ ಮೇಲೆ ಅದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತದೆ, ಬಾಗಿಲಿಗೆ ಗುದ್ದುತ್ತದೆ, ಅನ್ಯಾಯವಾಗಿದೆ ಎಂಬ ಮುಖ ಮಾಡಿ ಮೂಲೆಯಲ್ಲಿ ಕೂರುತ್ತದೆ. ಒಂದು ದಿನ ತಡೆದುಕೊಳ್ಳಿ, ಹೆಚ್ಚಿನವು ಒಗ್ಗಿಕೊಳ್ಳುತ್ತವೆ. ಊಟದ ತಟ್ಟೆ ಕಾಲರಿನ ಬಾಯಿಗಿಂತ ಚಿಕ್ಕದಿರಲಿ, ಅದನ್ನು ಒಂದು ಇಟ್ಟಿಗೆಯ ಮೇಲಿಡಿ. ಆಗ ಅಂಚು ನೆಲಕ್ಕೆ ತಾಗದೆ ಬಾಯಿ ತಟ್ಟೆಗೆ ಎಟಕುತ್ತದೆ. ಅಂಗಡಿಯಲ್ಲಿ ಕಾಲರ್ ಸಿಗದ ಊರಿನಲ್ಲಿ ಹಳೆಯ ಎಕ್ಸ್-ರೇ ಹಾಳೆಯನ್ನು ಕತ್ತರಿಸಿ ಮಾಡುತ್ತಾರೆ. ಒಳ್ಳೆಯ ಉಪಾಯವೇ, ಆದರೆ ಅಂಚು ಚೂರಿಯ ಹಾಗೆ ಕೊಯ್ಯುತ್ತದೆ. ಒಳಗೂ ಹೊರಗೂ ಬಟ್ಟೆಯ ಟೇಪ್ ಮಡಿಸಿ ಅಂಟಿಸಿಯೇ ಹಾಕಬೇಕು.

ಕಾಲರಿಗೆ ಏನು ಮಾಡಿದರೂ ಒಗ್ಗದ ಬೆಕ್ಕಿಗೆ ಅಂಗಿ ಹೊಲಿಯಿರಿ. ಹೊಲಿಯುವುದೇನು ಬಂತು, ಕತ್ತರಿ ಸಾಕು. ಮೈಗೆ ಹತ್ತಿ ಕೂರುವ ಹಳೆಯ ತುಂಬುತೋಳಿನ ಬನಿಯನ್ ಬಟ್ಟೆಯ ಟೀ ಶರ್ಟಿನಿಂದ ಒಂದು ತೋಳು ಕತ್ತರಿಸಿ. ಮುಂಗೈ ಕಡೆಯ ತುದಿ ಬೆಕ್ಕಿನ ಕೊರಳಿಗೆ. ಅಲ್ಲಿಂದ ಮೂರು ಬೆರಳು ಕೆಳಗೆ ಮುಂಗಾಲಿಗೆ ಎರಡು ತೂತು. ತೂತು ಸಣ್ಣದಾಗಿಯೇ ಇರಲಿ, ಬಟ್ಟೆ ಎಳೆದಾಗ ಹಿಗ್ಗುತ್ತದೆ. ಹಿಂದಿನ ತುದಿಯನ್ನು ಬೆನ್ನಿನ ಮೇಲೆ ಉದ್ದಕ್ಕೆ ಸೀಳಿ ನಾಲ್ಕು ಪಟ್ಟಿ ಮಾಡಿ, ಹಿಂಗಾಲಿನ ಆಚೆ ಈಚೆ ತಂದು ಬಾಲದ ಮುಂದೆ ಸಡಿಲ ಗಂಟು ಹಾಕಿ. ಉಚ್ಚೆ ಮಾಡುವ ಜಾಗ ಬಿಡುವಾಗಿರಬೇಕು. ಒದ್ದೆಯಾದರೆ ತಕ್ಷಣ ಬದಲಿಸಿ, ಅದಕ್ಕಾಗಿ ಎರಡನೆಯ ತೋಳು ಇದ್ದೇ ಇದೆಯಲ್ಲ. ಪಕ್ಕೆಯಲ್ಲಿ ಗಾಯವಿರುವ ಬೆಕ್ಕಿಗೆ ಈ ಅಂಗಿ ಕಾಲರಿಗಿಂತ ಹಿತ. ಕಷ್ಟವೆಂದರೆ ಗಾಯ ಕಣ್ಣಿಗೆ ಮರೆಯಾಗುತ್ತದೆ, ನೋಡುವುದೇ ಮರೆತುಹೋಗುತ್ತದೆ.

ಹಂತ 5: ಗಾಯ ನೋಡಿ, ಏನೂ ಹಚ್ಚಬೇಡಿ

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಬೆಳಕಿನಲ್ಲಿ. ಕೈ ತೊಳೆದು, ಬೆಕ್ಕನ್ನು ಪಕ್ಕಕ್ಕೆ ಮಲಗಿಸಿ ನೋಡಿ. ಮೊದಲ ಎರಡು ಮೂರು ದಿನ ಅಂಚು ಸ್ವಲ್ಪ ಕೆಂಪಗೆ, ಸ್ವಲ್ಪ ಉಬ್ಬಿದ್ದರೆ ಸಹಜ. ಚರ್ಮದಡಿ ಕಡಲೆಕಾಳಿನಷ್ಟು ಗಟ್ಟಿ ಗಂಟು ಸಿಕ್ಕಿದರೆ ಅದು ಒಳಹೊಲಿಗೆಯ ದಾರಕ್ಕೆ ಮೈ ತೋರಿಸುವ ಪ್ರತಿಕ್ರಿಯೆ ಇರಬಹುದು, ಬೆಳೆಯದಿದ್ದರೆ ಚಿಂತೆಯಿಲ್ಲ. ಕೆಂಪು ದಿನದಿಂದ ದಿನಕ್ಕೆ ಇಳಿಯಬೇಕು. ಮೂರನೆಯ ದಿನಕ್ಕಿಂತ ಐದನೆಯ ದಿನ ಹೆಚ್ಚಾಗಿದ್ದರೆ, ವಾಸನೆ ಬಂದರೆ, ಕೀವು ಕಂಡರೆ, ಮೆತ್ತಗಿನ ಊತ ಅಗಲವಾಗುತ್ತಿದ್ದರೆ ಫೋಟೊ ಸಮೇತ ಡಾಕ್ಟರಿಗೆ ತಿಳಿಸಿ.

ಅರಿಶಿನ ಹಚ್ಚಲೇ ಎಂದು ಎಲ್ಲರೂ ಕೇಳುತ್ತಾರೆ. ಬೇಡ. ಪುಡಿ ಹೊಲಿಗೆಯ ಸಂದಿಯಲ್ಲಿ ಕೂರುತ್ತದೆ, ಹಳದಿ ಬಣ್ಣದ ಕೆಳಗೆ ಕೆಂಪು ಕಾಣದೇ ಹೋಗುತ್ತದೆ. ಕೊಬ್ಬರಿ ಎಣ್ಣೆ ನೆಕ್ಕಲು ಕೊಟ್ಟ ಆಹ್ವಾನ. ಡೆಟಾಲ್ ಬೆಕ್ಕಿಗೆ ವಿಷ, ನೀರಿಗೆ ಬೆರೆಸಿದ್ದೂ ಬೇಡ. ದನದ ಹುಣ್ಣಿಗೆ ಹೊಡೆಯುವ ನೊಣದ ಸ್ಪ್ರೇ ಕೊಟ್ಟಿಗೆಯಲ್ಲೇ ಇರಲಿ. ಗಾಯದ ಮೇಲೆ ಒಣಗಿದ ರಕ್ತ ಹತ್ತಿದ್ದರೆ ಸಲೈನಿನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಮಳೆಗಾಲದಲ್ಲಿ ನೊಣ ಕೂರದ ಹಾಗೆ ಕಿಟಕಿಗೆ ಬಲೆ ಕಟ್ಟಿ. ಸ್ನಾನದ ಮಾತೇ ಬೇಡ.

ಹಂತ 6: ನೋವು ಗುರುತಿಸುವುದು, ಮಾತ್ರೆ ಕೊಡುವುದು

ನೋವಾದರೆ ಬೆಕ್ಕು ಕೂಗುವುದಿಲ್ಲ, ಮುದುಡಿಕೊಳ್ಳುತ್ತದೆ. ಗುರುಗುಟ್ಟುತ್ತಿದೆ ಎಂದರೆ ಸುಖವಾಗಿದೆ ಎಂದೂ ಅಲ್ಲ, ನೋವಿನಲ್ಲೂ ಗುರುಗುಟ್ಟುತ್ತದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಒಂದು ವಿಧಾನ ಪ್ರಕಟಿಸಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ, ಈ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಕಿವಿಗಳು ಒಂದಕ್ಕೊಂದು ದೂರವಾಗಿ ಹೊರಕ್ಕೆ ತಿರುಗಿದ್ದರೆ, ಕಣ್ಣು ಅರೆಮುಚ್ಚಿ ಬಿಗಿದಿದ್ದರೆ, ಮೂತಿ ಬಿಗಿಯಾಗಿದ್ದರೆ, ಮೀಸೆ ಸೆಟೆದು ಮುಂದಕ್ಕೆ ಚಾಚಿದ್ದರೆ, ತಲೆ ಹೆಗಲಿಗಿಂತ ಕೆಳಗೆ ಜೋತಿದ್ದರೆ ತಲಾ ಎರಡು. ಒಟ್ಟು ಹತ್ತರಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವಿನ ಔಷಧಿ ಸಾಲುತ್ತಿಲ್ಲ ಎಂದು ಲೆಕ್ಕ. ಮನೆಯಲ್ಲಿ ಅಂಕ ಹಾಕುತ್ತ ಕೂರಬೇಕಿಲ್ಲ, ಐದು ಜಾಗ ನೆನಪಿದ್ದರೆ ಸಾಕು. ಬೆಕ್ಕು ನಿದ್ದೆ ಮಾಡುತ್ತಿರುವಾಗ, ತಿನ್ನುತ್ತಿರುವಾಗ ಮಾತ್ರ ಈ ಲೆಕ್ಕ ಹಿಡಿಯಬಾರದು.

ಔಷಧಿ ಸಾಲುತ್ತಿಲ್ಲ ಎಂದು ಕಂಡಾಗ ಕೈ ಮನೆಯ ಔಷಧಿ ಡಬ್ಬಿಗೆ ಹೋಗುತ್ತದೆ. ಅಪಾಯ ಅಲ್ಲಿದೆ. ಕ್ರೋಸಿನ್, ಡೋಲೋ ಹೆಸರಿನಲ್ಲಿ ಸಿಗುವ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಸಾಕು. ಅದನ್ನು ನಿರಪಾಯ ಮಾಡಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಹಾಗೆಯೇ ಅಪಾಯ. ‘ಮೈ ಬಿಸಿ ಇದೆ, ಅರ್ಧ ಮಾತ್ರೆ ಕೊಟ್ಟೆ’ ಎಂಬ ಮಾತು ಡಾಕ್ಟರರ ಕಿವಿಗೆ ಹೊಸದಲ್ಲ. ಬೆಕ್ಕಿನ ಮೈ ಯಾವಾಗಲೂ ನಮ್ಮದಕ್ಕಿಂತ ಬಿಸಿ, 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ ಶಾಖ. ನಾಯಿಗೆ ಬರೆದುಕೊಟ್ಟ ಔಷಧಿಯನ್ನೂ ತೂಕದ ಲೆಕ್ಕ ಹಾಕಿ ಕೊಡಬೇಡಿ. ನೋವು ಹೆಚ್ಚೆನಿಸಿದರೆ ಫೋನ್ ಒಂದೇ ದಾರಿ.

ಡಾಕ್ಟರು ಬರೆದ ಮಾತ್ರೆ ಕೊಡುವುದಕ್ಕೆ ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ತಲೆ ಮಾತ್ರ ಹೊರಗೆ ಬಿಡಿ, ಹೊಟ್ಟೆ ಒತ್ತದಂತೆ ನೋಡಿಕೊಳ್ಳಿ. ಎಡಗೈಯಿಂದ ತಲೆಯನ್ನು ಮೇಲಿನಿಂದ ಹಿಡಿದು ಸ್ವಲ್ಪ ಮೇಲಕ್ಕೆ ಎತ್ತಿ, ಬಲಗೈ ಬೆರಳಿನಿಂದ ಕೆಳದವಡೆ ತೆರೆದು, ಮಾತ್ರೆಯನ್ನು ನಾಲಿಗೆಯ ಹಿಂಬದಿಗೆ ಹಾಕಿ ಬಾಯಿ ಮುಚ್ಚಿ. ಮೂಗು ನೆಕ್ಕಿಕೊಂಡಿತೆಂದರೆ ನುಂಗಿತು. ಆಮೇಲೆ ಸಿರಿಂಜಿನಲ್ಲಿ ಐದು ಎಂಎಲ್ ನೀರನ್ನು ಬಾಯಿಯ ಪಕ್ಕದಿಂದ ನಿಧಾನವಾಗಿ ಬಿಡಲೇಬೇಕು. ಒಣ ಮಾತ್ರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತದೆ, ಡಾಕ್ಸಿಸೈಕ್ಲಿನ್ ಆದರಂತೂ ಖಂಡಿತ ಎಚ್ಚರ ಬೇಕು. ಆಂಟಿಬಯಾಟಿಕ್ ಬರೆದಿದ್ದರೆ, ಬೆಕ್ಕು ಹುಷಾರಾಯಿತೆಂದು ನಡುವೆ ನಿಲ್ಲಿಸುವ ಹಾಗಿಲ್ಲ.

ಹಂತ 7: ಊಟ, ಉಚ್ಚೆ, ಕಕ್ಕಸು

ಬೆಂದ ಕೋಳಿಮಾಂಸ, ಮುಳ್ಳು ತೆಗೆದ ಮೀನು, ಉಪ್ಪು ಖಾರ ಯಾವುದೂ ಇಲ್ಲದೆ. ಸಾರಿನ ಮೀನನ್ನು ತೊಳೆದು ಕೊಡುವುದೂ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಉಗುರುಬೆಚ್ಚಗೆ ಮಾಡಿದರೆ ವಾಸನೆ ಏರಿ ಬಾಯಿ ಹಾಕುತ್ತದೆ. ಮಾಂಸ ತರದ ಮನೆಗಳಲ್ಲಿ ಮೊಸರನ್ನದ ಮೇಲೆಯೇ ಬೆಳೆದ ಬೆಕ್ಕುಗಳುಂಟು, ಆದರೆ ಗಾಯ ಮಾಯುವ ಈ ದಿನಗಳಲ್ಲಿ ಮೊಸರನ್ನ ಸಾಲದು. ಬೆಕ್ಕು ಮಾಂಸದಿಂದಲೇ ಬದುಕುವ ಪ್ರಾಣಿ. ಪೊಟ್ಟಣದಲ್ಲಿ ಸಿಗುವ ಮೆತ್ತಗಿನ ಬೆಕ್ಕಿನ ಆಹಾರ ತಂದರೆ ಮಡಿಗೂ ಅಷ್ಟು ತೊಂದರೆಯಿಲ್ಲ. ಕರುಳಿನ ಆಪರೇಷನ್ ಆಗಿದ್ದರೆ ಮಾತ್ರ ಇಲ್ಲಿ ಬರೆದದ್ದನ್ನು ಬಿಟ್ಟು, ಡಾಕ್ಟರು ಹೇಳಿದ ಊಟ, ಹೇಳಿದ ಪ್ರಮಾಣ.

ಮನೆಗೆ ಬಂದು 24 ಗಂಟೆಯಾದರೂ ಬಾಯಿಗೆ ಏನೂ ಹಾಕದಿದ್ದರೆ ತಿಳಿಸಿ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಅದೇ ದೊಡ್ಡ ಕಾಯಿಲೆಯಾಗುತ್ತದೆ, ದಪ್ಪ ಬೆಕ್ಕಿಗೆ ಇನ್ನೂ ಬೇಗ. ಉಚ್ಚೆಯೂ ಒಂದು ದಿನದೊಳಗೆ ಆಗಬೇಕು. ಕಕ್ಕಸು ಎರಡು ಮೂರು ದಿನ ತಡವಾದರೆ ಪರವಾಗಿಲ್ಲ, ಹೊಟ್ಟೆ ಖಾಲಿಯಿತ್ತಲ್ಲ.

ಹಂತ 8: ನಾಲ್ಕನೆಯ ದಿನದಿಂದ

ಈಗ ಅದು ಅರಚುತ್ತದೆ. ಬಾಗಿಲು ಕೆರೆಯುತ್ತದೆ. ಮನೆಯವರ ಮನಸ್ಸು ಕರಗುವುದು ಇಲ್ಲೇ. ಹೊರಗೆ ಬಿಡುವ ಬದಲು ಒಳಗೇ ಕೆಲಸ ಕೊಡಿ: ಪಕ್ಕಕ್ಕೆ ಮಲಗಿಸಿದ ರಟ್ಟಿನ ಪೆಟ್ಟಿಗೆ, ಮುದುಡಿದ ಪೇಪರಿನ ಒಳಗೆ ಎರಡು ತುಣುಕು ಮೀನು, ಪಕ್ಕದಲ್ಲಿ ಕೂತು ಪುಸ್ತಕ ಓದುವ ಮನುಷ್ಯ. ದಾರ ಎಳೆದು ಆಡಿಸುವುದು, ಚೆಂಡು ಎಸೆಯುವುದು ಬೇಡ, ನೆಗೆದೇ ಬಿಡುತ್ತದೆ. ಎತ್ತಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಬದಿಗೆ. ಹೊಟ್ಟೆಯ ಮೇಲೆ ಭಾರ ಬೀಳಬಾರದು.

ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ, ಇಷ್ಟು ದಿನ ಒಂದೇ ತಟ್ಟೆಯಲ್ಲಿ ತಿಂದವಾದರೂ ಈಗ ಬುಸುಗುಟ್ಟುತ್ತವೆ. ಆಸ್ಪತ್ರೆಯ ವಾಸನೆ ಹೊತ್ತು ಬಂದ ಬೆಕ್ಕು ಅದಕ್ಕೆ ಅಪರಿಚಿತ. ಹೊಲಿಗೆ ಬಿಚ್ಚುವವರೆಗೆ ಬೇರೆಯೇ ಇಡಿ, ಹಾಸಿಗೆಯ ಬಟ್ಟೆಗಳನ್ನು ಅದಲು ಬದಲು ಮಾಡುತ್ತಿರಿ. ಬೆದೆಯಲ್ಲಿದ್ದಾಗಲೇ ಆಪರೇಷನ್ ಆದ ಹೆಣ್ಣು ಬೆಕ್ಕಿನ ಬಳಿ ಗಂಡು ಬೆಕ್ಕುಗಳು ಇನ್ನೂ ಕೆಲವು ದಿನ ಸುಳಿದಾಡುತ್ತವೆ. ಬಾಗಿಲು ಭದ್ರವಾಗಿರಲಿ.

ಹಂತ 9: ಓಡಬೇಕಾದ ಸಂದರ್ಭ

ಒಸಡು ಬಿಳಿಚಿ ಮೈ ತಣ್ಣಗಾದರೆ ಒಳಗೆ ರಕ್ತ ಸೋರುತ್ತಿರಬಹುದು. ಗಾಯದಿಂದ ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ಹೊಟ್ಟೆ ಉಬ್ಬುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ಟ್ರೇಯಲ್ಲಿ ಕೂತು ತಿಣುಕಿದರೂ ಉಚ್ಚೆ ಬಾರದಿದ್ದರೆ ಹೊತ್ತು ಕಳೆಯಬಾರದು. ಹೊಲಿಗೆ ಬಿಟ್ಟು ಒಳಗಿನದೇನಾದರೂ ಹೊರಗೆ ಕಂಡರೆ, ಅದನ್ನು ಒಳಗೆ ತಳ್ಳಲು ಹೋಗಬೇಡಿ. ಸಲೈನಿನಲ್ಲೋ, ಇಲ್ಲದಿದ್ದರೆ ಕುದಿಸಿ ಆರಿಸಿದ ನೀರಿನಲ್ಲೋ ನೆನೆಸಿದ ಶುಭ್ರ ಬಟ್ಟೆ ಮುಚ್ಚಿ, ಮೈಗೆ ಟವೆಲ್ ಸುತ್ತಿ, ಬಾಯಿ ತಾಗದಂತೆ ಕಾಲರ್ ಹಾಕಿ ಹೊರಡಿ. ದಾರಿಯಲ್ಲೇ ಫೋನ್ ಮಾಡಿ ಬರುತ್ತಿದ್ದೇವೆಂದು ತಿಳಿಸಿದರೆ ಅಲ್ಲಿ ಮೇಜು ಸಿದ್ಧವಾಗಿರುತ್ತದೆ. ಬಾಯಿಗೆ ಊಟ, ನೀರು ಕೊಡಬೇಡಿ. ಮತ್ತೆ ಅರಿವಳಿಕೆ ಕೊಡಬೇಕಾಗಬಹುದು.

ಹಂತ 10: ಹೊಲಿಗೆ ಬಿಚ್ಚುವ ದಿನ

ಸಾಮಾನ್ಯವಾಗಿ 10ರಿಂದ 14ನೆಯ ದಿನದೊಳಗೆ. ಮನೆಯ ಕತ್ತರಿಯಲ್ಲಿ ನೀವೇ ಬಿಚ್ಚಬೇಡಿ, ದುಡ್ಡು ಉಳಿಸುವ ಜಾಗ ಇದಲ್ಲ. ತಾನಾಗಿ ಕರಗುವ ಹೊಲಿಗೆಯಾದರೂ ಒಮ್ಮೆ ಒಯ್ದು ತೋರಿಸಿ, ಡಾಕ್ಟರು ಬೆರಳೊತ್ತಿ ಒಳಪದರ ಕೂಡಿದೆಯೇ ನೋಡುತ್ತಾರೆ. ಕಾಲರ್ ಬಿಚ್ಚುವುದು ಅವರು ಸರಿ ಎಂದ ಮೇಲೆ. ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಆ ಜಾಗವನ್ನು ವಿಪರೀತ ನೆಕ್ಕುವ ಬೆಕ್ಕುಗಳಿವೆ, ಅಂಥವಕ್ಕೆ ಅಂಗಿ ಇನ್ನೊಂದು ದಿನ ಇರಲಿ. ಮಾಡು ಹತ್ತಿ ಬೇಲಿ ಹಾರುವ ಬೆಕ್ಕಾದರೆ ಹೊರಗೆ ಬಿಡಲು ಇನ್ನೂ ಕೆಲವು ದಿನ ತಡೆಯಿರಿ. ತಿಂಗಳ ನಂತರವೂ ಗಾಯದ ಜಾಗದಲ್ಲಿ ಒತ್ತಿದರೆ ಒಳಹೋಗಿ ಮತ್ತೆ ಹೊರಬರುವ ಮೆತ್ತಗಿನ ಉಬ್ಬು ಕಂಡರೆ ಅದು ಹರ್ನಿಯಾ ಇರಬಹುದು, ತೋರಿಸಿ.

ಅದೇ ದಿನ ಆಸ್ಪತ್ರೆಯ ತಕ್ಕಡಿಯಲ್ಲಿ ತೂಕ ನೋಡಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಮರಿಯಾಗದ ಆಪರೇಷನ್ ಆದ ಬೆಕ್ಕಿಗೆ ಹಸಿವು ಹೆಚ್ಚುತ್ತದೆ, ಬೇಕಾದ ಆಹಾರ ಕಡಿಮೆಯಾಗುತ್ತದೆ. ಗಾಯ ಪೂರ್ತಿ ಮಾಯ್ದ ಮೇಲೆ ತಟ್ಟೆಗೆ ಹಾಕುವುದನ್ನು ನಾಲ್ಕರಲ್ಲಿ ಒಂದು ಪಾಲಿನಷ್ಟು ಇಳಿಸಿ, ತಿಂಗಳಿಗೊಮ್ಮೆ ತೂಗಿ. ಮನೆಯಲ್ಲಿ ತೂಗಲು ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ಒಂದರಲ್ಲಿ ಇನ್ನೊಂದನ್ನು ಕಳೆದರಾಯಿತು.